ದ್ರಾವಕ ಬೇಡದ ಎಳೆ

ಒಂದು ಲೆಕ್ಕದಿಂದ ಮಾತು ಶುರು ಮಾಡುತ್ತೇನೆ. ತಲೆಗೂದಲಿಗಿಂತ ನೂರಾರು ಪಟ್ಟು ತೆಳುವಾದ ಪ್ಲಾಸ್ಟಿಕ್ ಎಳೆಗಳನ್ನು ವಿದ್ಯುತ್ತಿನ ಬಲದಿಂದ ಎಳೆದು ತೆಗೆಯುವ ಒಂದು ವಿಧಾನವಿದೆ. ಅದರ ಹೆಸರು ಎಲೆಕ್ಟ್ರೋಸ್ಪಿನ್ನಿಂಗ್. ಸೂಕ್ಷ್ಮ ಧೂಳನ್ನು ತಡೆಯುವ ಸೋಸುಬಟ್ಟೆ, ಗಾಯಕ್ಕೆ ಹಾಕುವ ಪಟ್ಟಿ, ಬ್ಯಾಟರಿಯೊಳಗೆ ಎರಡು ಧ್ರುವಗಳನ್ನು ಬೇರ್ಪಡಿಸುವ ತೆಳುಪದರ, ದೇಹದಲ್ಲಿ ಹೊಸ ಅಂಗಾಂಶ ಹಬ್ಬಲು ಬೇಕಾದ ಹಂದರ, ಇವೆಲ್ಲಕ್ಕೂ ಆ ಎಳೆ ಬೇಕು. ಅದನ್ನು ತೆಗೆಯುವ ಮೊದಲು ಪಾಲಿಮರನ್ನು ಒಂದು ದ್ರಾವಕದಲ್ಲಿ ಕರಗಿಸಿಕೊಳ್ಳುವುದು ಎಲ್ಲೆಡೆ ನಡೆದುಬಂದ ರೂಢಿ. 100 ಗ್ರಾಂ ದ್ರಾವಣದಲ್ಲಿ ಪಾಲಿಮರ್ ಇರುವುದು ಹೆಚ್ಚುಕಡಿಮೆ 10 ಗ್ರಾಂ. ಮಿಕ್ಕ 90 ಗ್ರಾಂ ಬರೀ ದ್ರಾವಕ. ಎಳೆ ಗಾಳಿಯಲ್ಲಿ ಹಾರುತ್ತಿರುವಾಗಲೇ ಈ ದ್ರಾವಕ ಆವಿಯಾಗಿ ಹೋಗಬೇಕು, ಹೋದರೇನೇ ಎಳೆ ಒಣಗಿ ಗಟ್ಟಿಯಾಗುವುದು. ಅಂದರೆ 1 ಕಿಲೋ ಎಳೆ ಕೈಗೆ ಬರುವ ಹೊತ್ತಿಗೆ 9 ಕಿಲೋ ದ್ರಾವಕ ಗಾಳಿಯ ಪಾಲಾಗಿರುತ್ತದೆ.

ಆ ದ್ರಾವಕ ನೀರಾಗಿದ್ದರೆ ಈ ಲೆಕ್ಕ ಹೇಳುವ ಅಗತ್ಯವೇ ಇರಲಿಲ್ಲ. ಆದರೆ ಬಹುಪಾಲು ಪಾಲಿಮರ್‌ಗಳು ನೀರಿಗೆ ಜಗ್ಗುವುದಿಲ್ಲ. ಅವಕ್ಕೆ ಕ್ಲೋರೋಫಾರ್ಮ್ ಬೇಕು, ಡೈಕ್ಲೋರೋಮೀಥೇನ್ ಬೇಕು, ಡೈಮಿಥೈಲ್ ಫಾರ್ಮಮೈಡ್ ಬೇಕು. ಈ ಕೊನೆಯದು ಯಕೃತ್ತಿಗೆ ಹಾನಿ ಮಾಡುವ ವಸ್ತು. ಉಸಿರಿನಿಂದ ಮಾತ್ರವಲ್ಲ, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಐರೋಪ್ಯ ಒಕ್ಕೂಟ 2023ರ ಡಿಸೆಂಬರ್‌ನಿಂದ ಅದರ ಬಳಕೆಗೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ಡೈಕ್ಲೋರೋಮೀಥೇನಿನ ಹೆಚ್ಚಿನ ಬಳಕೆಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ನಿಷೇಧಿಸಿತು. ಪ್ರಯೋಗಾಲಯದಲ್ಲಿ ಆವಿ ಹೀರುವ ಕಪಾಟಿನೊಳಗೆ, ಒಂದು ಸೂಜಿಯಿಂದ, ಗಂಟೆಗೆ ಒಂದು ಮಿಲಿಲೀಟರ್ ದ್ರಾವಣ ಬಳಸಿ ಕೆಲಸ ಮಾಡುವವರಿಗೆ ಇದು ದೊಡ್ಡ ಸಂಗತಿ ಅನ್ನಿಸದೆ ಇರಬಹುದು. ಸಾವಿರ ಸೂಜಿಯ ಕಾರ್ಖಾನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಆ ಆವಿಯನ್ನು ಹಿಡಿದು, ತಣಿಸಿ, ಮತ್ತೆ ದ್ರವ ಮಾಡುವ ಘಟಕ ಸರಿಯಾಗಿ ಕೆಲಸ ಮಾಡದ ದಿನ ಅದು ಹೋಗುವುದು ಪಾಳಿಯಲ್ಲಿ ನಿಂತವರ ಶ್ವಾಸಕೋಶಕ್ಕೆ. ತಯಾರಾದ ಸರಕಿನಲ್ಲಿ ದ್ರಾವಕ ಇರುವುದಿಲ್ಲ ಎಂಬ ಕಾರಣಕ್ಕೆ ನಾವು ಅದನ್ನು ಮರೆತುಬಿಡುತ್ತೇವೆ. ಸರಕು ಮಾಡಿದವರ ಮೈಗೆ ಮರೆವು ಇಲ್ಲ.

ಹಾಗಾದರೆ ದ್ರಾವಕವನ್ನೇ ಬಿಟ್ಟುಬಿಟ್ಟರೆ? ಪಾಲಿಮರನ್ನು ಸುಮ್ಮನೆ ಕಾಯಿಸಿ, ಪಾಕ ಮಾಡಿ, ಆ ಪಾಕದಿಂದಲೇ ಎಳೆ ತೆಗೆದರೆ? ಇವತ್ತಿನ ಮಾತು ಇದರ ಬಗ್ಗೆ. ಇಂಗ್ಲಿಷಿನಲ್ಲಿ ಇದಕ್ಕೆ ಮೆಲ್ಟ್ ಎಲೆಕ್ಟ್ರೋಸ್ಪಿನ್ನಿಂಗ್ ಎನ್ನುತ್ತಾರೆ. ಕೇಳಲು ಸರಳ. ಆದರೆ ಇದು ನೆಟ್ಟಗೆ ನಿಲ್ಲಲು ಮುಕ್ಕಾಲು ಶತಮಾನ ಹಿಡಿಯಿತು. ನಿಂತ ಮೇಲೆ ಅದು ತನ್ನ ಅಣ್ಣನಾದ ದ್ರಾವಣದ ವಿಧಾನಕ್ಕೆ ಬಾರದ ಒಂದು ವಿದ್ಯೆಯನ್ನು ತೋರಿಸಿತು. ಅದೇ ನನಗೆ ಬಹಳ ಮುಖ್ಯವಾಗಿ ಕಾಣುವ ಸಂಗತಿ.

ಮೊದಲು ವಿದ್ಯುತ್ತು ಎಳೆಯನ್ನು ಹೇಗೆ ತೆಗೆಯುತ್ತದೆ ಎಂದು ನೋಡೋಣ. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಅಯಸ್ಕಾಂತದ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ಪುಟ್ಟ ಅವಲೋಕನವಿದೆ. ಒಣನೆಲದ ಮೇಲಿನ ನೀರಿನ ಹನಿಯ ಹತ್ತಿರ ಉಜ್ಜಿದ ಅಂಬರನ್ನು ಹಿಡಿದರೆ ದುಂಡಗಿನ ಹನಿ ಮೇಲಕ್ಕೆ ಎದ್ದು ಶಂಕುವಾಗುತ್ತದೆ. ಮೇಲ್ಮೈ ಸೆಳೆತ ಹನಿಯನ್ನು ದುಂಡಗೆ ಹಿಡಿದಿಡಲು ನೋಡುತ್ತದೆ. ವಿದ್ಯುದಾವೇಶಗಳು ಒಂದನ್ನೊಂದು ದೂಡುತ್ತಾ ಅದನ್ನು ಹೊರಕ್ಕೆ ಎಳೆಯಲು ನೋಡುತ್ತವೆ. ಕೇಂಬ್ರಿಡ್ಜಿನ ಜಿ. ಐ. ಟೇಲರ್ 1964ರಲ್ಲಿ ಈ ಹಗ್ಗಜಗ್ಗಾಟವನ್ನು ಗಣಿತಕ್ಕೆ ಇಳಿಸಿದರು. ಎರಡೂ ಬಲ ಸಮನಾದಾಗ ಹನಿ ಶಂಕುವಿನ ಆಕಾರ ತಾಳುತ್ತದೆ, ಆ ಶಂಕುವಿನ ಅರ್ಧಕೋನ 49.3 ಡಿಗ್ರಿ. ಇವತ್ತಿಗೂ ಅದಕ್ಕೆ ಟೇಲರ್ ಶಂಕು ಎಂದೇ ಹೆಸರು. ವೋಲ್ಟೇಜು ಇನ್ನೊಂದಿಷ್ಟು ಏರಿದರೆ ಶಂಕುವಿನ ತುದಿಯಿಂದ ದ್ರವ ಚಿಮ್ಮುತ್ತದೆ. ನೀರಾದರೆ ಸಣ್ಣ ಹನಿಗಳಾಗಿ ಚೆದುರಿಹೋಗುತ್ತದೆ. ಪಾಲಿಮರಿನ ಉದ್ದುದ್ದ ಅಣುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಲ್ಲಿ ಧಾರೆ ತುಂಡಾಗದೆ ಎಳೆಯಾಗಿ ಉಳಿಯುತ್ತದೆ.

ದ್ರಾವಣದಿಂದ ಹೊರಟ ಎಳೆ ಸ್ವಲ್ಪ ದೂರ ನೆಟ್ಟಗೆ ಹೋಗುತ್ತದೆ. ಆಮೇಲೆ ಅದರ ಮೈಮೇಲಿನ ಆವೇಶಗಳೇ ಅದನ್ನು ಅತ್ತಿತ್ತ ದೂಡಿ, ಚಾಟಿ ಬೀಸಿದ ಹಾಗೆ ಸುತ್ತಿಸಿ, ಎಳೆದೆಳೆದು ತೆಳ್ಳಗೆ ಮಾಡುತ್ತವೆ. ಅಕ್ರಾನ್ ವಿಶ್ವವಿದ್ಯಾಲಯದ ಡಾರೆಲ್ ರೆನೆಕರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಈ ವಿಧಾನಕ್ಕೆ ಮರುಜೀವ ಕೊಟ್ಟರು. ಚಾಟಿಯಂಥ ಈ ಕುಣಿತವನ್ನು ವಿವರಿಸಿದವರಲ್ಲಿಯೂ ಅವರೇ ಮುಂದು. ಎಳೆ ಒಂದು ಮೀಟರಿನ ಕೋಟಿ ಭಾಗದಷ್ಟು, ಅಂದರೆ ನೂರು ನ್ಯಾನೋಮೀಟರಿನ ಆಸುಪಾಸಿಗೆ ಇಳಿಯುವುದು ಈ ಕುಣಿತದಿಂದ. ಆದರೆ ಕುಣಿಯುವ ಎಳೆ ಎಲ್ಲಿ ಬೀಳುತ್ತದೆಂದು ಯಾರೂ ಹೇಳಲಾರರು. ಎಳೆಯನ್ನು ಹಿಡಿಯಲು ಎದುರಿಗಿಟ್ಟ ತಟ್ಟೆಯ ಮೇಲೆ ದಿಕ್ಕುದೆಸೆಯಿಲ್ಲದ ಒಂದು ಬಿಳಿ ಹಾಸು ಬಿದ್ದಿರುತ್ತದೆ, ಅಷ್ಟೆ.

ಈ ವಿದ್ಯೆಗೆ ಮೊದಲ ಪೇಟೆಂಟುಗಳು ಬಂದದ್ದು 1902ರಲ್ಲಿ, ಅಮೆರಿಕದ ಕೂಲಿ ಮತ್ತು ಮಾರ್ಟನ್ ಎಂಬಿಬ್ಬರಿಗೆ. 1930ರ ದಶಕದಲ್ಲಿ ಜರ್ಮನಿಯ ಆಂಟನ್ ಫೋರ್ಮ್‌ಹಾಲ್ಸ್ ಸೆಲ್ಯುಲೋಸ್ ಅಸಿಟೇಟ್ ದ್ರಾವಣದಿಂದ ನೂಲು ತೆಗೆದರು. ಸೋವಿಯತ್ ದೇಶದಲ್ಲಿ ಇದು ಕಾರ್ಖಾನೆಯ ಮಟ್ಟಕ್ಕೆ ಹೋಯಿತು. ಇಗೋರ್ ಪೆಟ್ರಿಯಾನೋವ್ ಮತ್ತು ನಟಾಲಿಯಾ ರೋಜೆನ್‌ಬ್ಲಮ್ 1938ರಲ್ಲಿ ಮಾಡಿದ ಸೋಸುಬಟ್ಟೆ ಅನಿಲ ಮುಖವಾಡಗಳಿಗೆ ಹೋಯಿತು. ಅದೇ ಬಟ್ಟೆಯಿಂದ 1956ರಲ್ಲಿ 'ಲೆಪೆಸ್ತೊಕ್', ಅಂದರೆ ಹೂವಿನ ಎಸಳು, ಎಂಬ ಹೆಸರಿನ ಹಗುರಾದ ಉಸಿರುಕವಚ ಬಂತು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಅಲ್ಲಿ ದುಡಿದ ಅಪಾರ ಜನರ ಮೂಗುಬಾಯಿಗೆ ಕಟ್ಟಿದ್ದು ಇದನ್ನೇ. ಎಷ್ಟೋ ಜನರ ಉಸಿರನ್ನು ಕಾಪಾಡಿದ ಬಟ್ಟೆ ಅದು. ಅದರ ಎಳೆ ತೆಗೆದದ್ದು ಡೈಕ್ಲೋರೋಈಥೇನ್ ಎಂಬ ವಿಷಕಾರಿ ದ್ರಾವಕದಿಂದ. ಉಸಿರು ಕಾಯುವ ಬಟ್ಟೆಯನ್ನು ಉಸಿರು ಕೆಡಿಸುವ ದ್ರಾವಕದಿಂದಲೇ ಮಾಡಬೇಕಾಗಿತ್ತು ಎನ್ನುವುದು ನನ್ನನ್ನು ಮತ್ತೆ ಮತ್ತೆ ಕಾಡುತ್ತದೆ.

ಕಾಯಿಸಿದ ಪಾಕದಿಂದ ಎಳೆ ತೆಗೆಯುವ ಯೋಚನೆ ಹೊಸದೇನೂ ಅಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಚಾರ್ಲ್ಸ್ ನಾರ್ಟನ್ ಅವರಿಗೆ 1936ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತು. ವಿದ್ಯುತ್ ಬಲವೊಂದೇ ಸಾಲದೆಂದು ಅವರು ಗಾಳಿಯ ರಭಸವನ್ನೂ ಜೊತೆಗೆ ಬಳಸಿದ್ದರು. ಆಮೇಲೆ ನಲವತ್ತೈದು ವರ್ಷ ಹೆಚ್ಚುಕಡಿಮೆ ಮೌನ. 1981ರಲ್ಲಿ ಕೆನಡಾದ ಲಾರೊಂಡೊ ಮತ್ತು ಮ್ಯಾನ್ಲಿ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳ ಪಾಕದಿಂದ ಎಳೆ ತೆಗೆದು ಮೂರು ಪ್ರಬಂಧ ಬರೆದರು. ಎಳೆ ಬಂತು, ಆದರೆ ದಪ್ಪ ಬಂತು. ನ್ಯಾನೋಮೀಟರಿನ ಮಾತಿರಲಿ, ಹತ್ತಾರು ಮೈಕ್ರೋಮೀಟರುಗಳ ಮಟ್ಟದಲ್ಲೇ ನಿಂತಿತು. ಜನ ಮತ್ತೆ ಮುಖ ತಿರುಗಿಸಿದರು.

ಯಾಕೆ ದಪ್ಪ? ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಮೊದಲನೆಯ ಕಾರಣ ಪಾಕದ ಸ್ನಿಗ್ಧತೆ. ದ್ರಾವಣದಲ್ಲಿ ಪಾಲಿಮರ್ ಅಣುಗಳ ನಡುವೆ ದ್ರಾವಕ ತುಂಬಿಕೊಂಡು ಅವು ಸಲೀಸಾಗಿ ಜಾರುತ್ತವೆ. ಪಾಕದಲ್ಲಿ ಇರುವುದೆಲ್ಲ ಪಾಲಿಮರೇ. ಅಣುಗಳು ಒಂದರ ಮೈಗೆ ಒಂದು ಅಂಟಿಕೊಂಡು ಹೊರಳಬೇಕು. ಎಷ್ಟೇ ಬಲ ಹಾಕಿದರೂ ಅದು ಹಿಗ್ಗುವುದು ನಿಧಾನ. ಎರಡನೆಯದಾಗಿ, ಇಂಥ ಪಾಕ ವಿದ್ಯುತ್ತನ್ನು ಅಷ್ಟಾಗಿ ಒಯ್ಯುವುದಿಲ್ಲ. ಅದರ ಮೇಲೆ ಕೂರುವ ಆವೇಶ ಕಡಿಮೆ, ಆದ್ದರಿಂದ ಚಾಟಿಯ ಕುಣಿತವೂ ಕಡಿಮೆ, ಎಷ್ಟೋ ಸಲ ಇಲ್ಲವೇ ಇಲ್ಲ. ಮೂರನೆಯದಾಗಿ, ಸೂಜಿಯ ಬಾಯಿಂದ ಹೊರಬಿದ್ದ ಪಾಕ ತಣ್ಣಗಿನ ಗಾಳಿ ತಗುಲಿದ ಕೂಡಲೇ ಗಟ್ಟಿಯಾಗಲು ಶುರುವಾಗುತ್ತದೆ. ತೆಳ್ಳಗಾಗಲು ಸಿಗುವ ಕಾಲಾವಕಾಶ ತೀರಾ ಕಡಿಮೆ. ದ್ರಾವಣದ ಎಳೆಗಾದರೆ ಇನ್ನೊಂದು ಅನುಕೂಲವೂ ಇದೆ: ಹತ್ತರಲ್ಲಿ ಒಂಬತ್ತು ಪಾಲು ಆವಿಯಾಗಿ ಹೋಗುವುದರಿಂದಲೇ ಅದು ತಾನಾಗಿ ಸಪೂರವಾಗುತ್ತದೆ. ಪಾಕದ ಎಳೆಗೆ ಆ ರಿಯಾಯಿತಿ ಇಲ್ಲ. ಒಳಗೆ ಹೋದದ್ದೆಲ್ಲ ಎಳೆಯಾಗಿಯೇ ಹೊರಬರಬೇಕು.

ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಲಯನ್ಸ್, ಲೀ ಮತ್ತು ಕೋ 2004ರಲ್ಲಿ ಪಾಲಿಪ್ರೊಪಿಲೀನಿನ ಮೇಲೆ ಪ್ರಯೋಗ ಮಾಡಿ, ಎಳೆಯ ದಪ್ಪವನ್ನು ನಿರ್ಧರಿಸುವುದರಲ್ಲಿ ಪಾಲಿಮರಿನ ಅಣುತೂಕದ ಪಾತ್ರ ಎಷ್ಟು ದೊಡ್ಡದು ಎಂದು ತೋರಿಸಿದರು. ಅಣು ಗಿಡ್ಡವಾದಷ್ಟೂ ಪಾಕ ತೆಳು, ಎಳೆಯೂ ತೆಳು. ಹಾಗೆಂದು ತೀರಾ ಗಿಡ್ಡ ಮಾಡುವ ಹಾಗಿಲ್ಲ, ಎಳೆಯ ಗಟ್ಟಿತನ ಹೋಗುತ್ತದೆ.

ಇನ್ನು ಯಂತ್ರ ಕಟ್ಟುವವರ ತಾಪತ್ರಯ. ಸೂಜಿಯ ತುದಿಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ಕೊಡಬೇಕು. ಅದೇ ಸೂಜಿಯನ್ನು ಸುತ್ತಿ ಕಾಯಿಸುವ ತಂತಿ ಇರಬೇಕು. ತಂತಿಗೆ ಮನೆಯ ಕರೆಂಟಿನ ಮಟ್ಟದ ವಿದ್ಯುತ್ತು, ಪಕ್ಕದಲ್ಲೇ ಅದರ ನೂರು ಪಟ್ಟು ವೋಲ್ಟೇಜು. ಒಣಗಾಳಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್‌ವರೆಗೆ ತಡೆದುಕೊಂಡೀತು. ಅದನ್ನು ಮೀರಿದರೆ ಕಿಡಿ ಹಾರುತ್ತದೆ. ಕಿಡಿ ಹಾರಿದರೆ ಕಾಯಿಸುವ ತಂತಿಯ ದಾರಿಯಲ್ಲೇ ಹೋಗಿ ಉಷ್ಣತೆ ನಿಯಂತ್ರಿಸುವ ಪೆಟ್ಟಿಗೆಯನ್ನು ಸುಟ್ಟುಬಿಡುತ್ತದೆ. ಉಷ್ಣತೆ ಅಳೆಯಲು ಸೂಜಿಗೆ ಮುಟ್ಟಿಸಿದ ತಂತಿಯೂ ಹಾಗೆಯೇ, ಅಳೆಯುವ ಬದಲು ಸಾವಿರಾರು ವೋಲ್ಟನ್ನು ಹೊತ್ತುಕೊಂಡು ಬರುತ್ತದೆ. ಇದಕ್ಕೆ ಜನ ಕಂಡುಕೊಂಡ ಉಪಾಯಗಳು ಒಂದೆರಡಲ್ಲ. ಕೆಲವರು ಪಾಕದ ಪಾತ್ರೆಯ ಸುತ್ತ ಬಿಸಿ ಎಣ್ಣೆಯನ್ನು ಹರಿಸಿದರು. ಕೆಲವರು ಬಿಸಿಗಾಳಿ ಊದಿದರು. ಜಪಾನಿನ ಸಂಶೋಧಕರು ಪಾತ್ರೆಯ ಗೋಜೇ ಬೇಡವೆಂದು ಪಾಲಿಮರ್ ಕಡ್ಡಿಯ ತುದಿಗೆ ಇಂಗಾಲದ ಡೈಆಕ್ಸೈಡ್ ಲೇಸರ್ ಬಿಟ್ಟು, ಬೇಕಾದಷ್ಟೇ ಜಾಗವನ್ನು ಬೇಕಾದಷ್ಟೇ ಹೊತ್ತು ಕರಗಿಸಿದರು. ಲೇಸರಿಗೆ ಸೂಜಿಯ ಸ್ಪರ್ಶವೇ ಬೇಡವಾದ್ದರಿಂದ ಕಿಡಿಯ ಭಯ ಇಲ್ಲ. ಎಲ್ಲಕ್ಕಿಂತ ಸುಲಭವಾದ ಉಪಾಯ, ಸೂಜಿಯನ್ನು ಭೂಮಿಗೆ ಜೋಡಿಸಿ ಹೆಚ್ಚಿನ ವೋಲ್ಟೇಜನ್ನು ಎದುರಿನ ತಟ್ಟೆಗೆ ಕೊಡುವುದು. ಎಳೆತಕ್ಕೆ ಬೇಕಾದದ್ದು ಎರಡರ ನಡುವಿನ ವ್ಯತ್ಯಾಸ ತಾನೆ!

ಇಲ್ಲಿಂದ ಮುಂದಿನದು ಕತೆಯ ತಿರುವು.

ಪಾಕದ ಎಳೆ ಕುಣಿಯುವುದಿಲ್ಲ ಎಂದೆನಲ್ಲ, ಎಲ್ಲರೂ ಅದನ್ನು ಕೊರತೆ ಎಂದೇ ಎಣಿಸಿದ್ದರು. ಕುಣಿಯದಿದ್ದರೆ ತೆಳ್ಳಗಾಗದು, ತೆಳ್ಳಗಾಗದಿದ್ದರೆ ಏನು ಬಂತು ಎಂದು. ಆಸ್ಟ್ರೇಲಿಯಾ ಮೂಲದ ಪಾಲ್ ಡಾಲ್ಟನ್ ಇದನ್ನು ಬೇರೆ ಬಗೆಯಲ್ಲಿ ಕಂಡವರು. 2006ರಲ್ಲಿ ಜರ್ಮನಿಯ ಆಖೆನ್‌ನಲ್ಲಿ ಅವರು ಮತ್ತು ಸಂಗಡಿಗರು ಪಾಕದ ಎಳೆಯನ್ನು ನೇರವಾಗಿ ಜೀವಂತ ಕೋಶಗಳ ಮೇಲೆ ಬೀಳುವ ಹಾಗೆ ಮಾಡಿ ನೋಡಿದರು. ಎಳೆಯ ಜೊತೆ ದ್ರಾವಕ ಬರುವುದಿಲ್ಲವಾದ್ದರಿಂದ ಇದು ಸಾಧ್ಯವಾಯಿತು. ಕ್ಲೋರೋಫಾರ್ಮಿನ ಎಳೆಯನ್ನು ಬದುಕಿರುವ ಕೋಶದ ಮೇಲೆ ಹಾಕುವ ಯೋಚನೆಯನ್ನೂ ಮಾಡುವಂತಿಲ್ಲ. ಮುಂದೆ ಬ್ರಿಸ್ಬೇನಿನಲ್ಲಿ ಟೋಬಿ ಬ್ರೌನ್ ಮತ್ತು ಡೀಟ್ಮಾರ್ ಹುಟ್‌ಮಾಕರ್ ಜೊತೆ ಸೇರಿ 2011ರಲ್ಲಿ ಡಾಲ್ಟನ್ ಪ್ರಕಟಿಸಿದ ಕೆಲಸ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಎಳೆ ಕುಣಿಯದೆ ನೆಟ್ಟಗೆ ಇಳಿಯುತ್ತದೆ ಎಂದರೆ ಅದು ಎಲ್ಲಿ ಬೀಳುತ್ತದೆಂದು ನಮಗೆ ಗೊತ್ತು. ಕೆಳಗಿನ ತಟ್ಟೆಯನ್ನು ಕಂಪ್ಯೂಟರ್ ಹೇಳಿದಂತೆ ಓಡಿಸಿದರೆ ಆ ಎಳೆಯಿಂದ ಗೆರೆ ಎಳೆಯಬಹುದು, ಜಾಲರಿ ಬರೆಯಬಹುದು, ಪದರದ ಮೇಲೆ ಪದರ ಕಟ್ಟಬಹುದು. ದ್ರಾವಕ ಬಿಟ್ಟದ್ದಕ್ಕೆ ತೆತ್ತ ಬೆಲೆಯೇ ಇಲ್ಲಿ ಬಂಡವಾಳವಾಯಿತು. ಇದಕ್ಕೆ ಈಗ ಮೆಲ್ಟ್ ಎಲೆಕ್ಟ್ರೋರೈಟಿಂಗ್ ಎಂಬ ಹೆಸರು ನಿಂತಿದೆ.

ಅದು ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರ್ ಇದಕ್ಕೆ ಬಹಳ ಒಗ್ಗುತ್ತದೆ. ಅದು ಕರಗುವುದು 60 ಡಿಗ್ರಿಯ ಆಸುಪಾಸಿನಲ್ಲಿ. ದೇಹದೊಳಗೆ ನಿಧಾನವಾಗಿ ಕರಗಿಹೋಗುತ್ತದೆ. ಎಷ್ಟು ಸಲ ಕರಗಿಸಿ ಗಟ್ಟಿ ಮಾಡಿದರೂ ಅಷ್ಟಾಗಿ ಕೆಡುವುದಿಲ್ಲ. ಅದರ ಬಿಳಿ ಹರಳುಗಳನ್ನು ಗಾಜಿನ ಸಿರಿಂಜಿಗೆ ತುಂಬಿ, 75ರಿಂದ 90 ಡಿಗ್ರಿಗೆ ಕಾಯಿಸಿ, ಹಿಂದಿನಿಂದ ಗಾಳಿಯ ಸಣ್ಣ ಒತ್ತಡ ಕೊಡುತ್ತಾರೆ. ಸೂಜಿಯ ತುದಿಗೂ ತಟ್ಟೆಗೂ ಅಂತರ ಕೆಲವೇ ಮಿಲಿಮೀಟರ್, ನಡುವೆ ಐದಾರು ಸಾವಿರ ವೋಲ್ಟ್. ಕ್ಯಾಮೆರಾದ ಪರದೆಯಲ್ಲಿ ನೋಡುತ್ತಿದ್ದರೆ ಮೊದಲು ಸೂಜಿಯ ಬಾಯಲ್ಲಿ ಗಾಜಿನಂತೆ ತಿಳಿಯಾದ ಒಂದು ಗುಂಡು ಹನಿ ಮೂಡುತ್ತದೆ. ಅದು ನಿಧಾನವಾಗಿ ಕೆಳಕ್ಕೆ ಚೂಪಾಗುತ್ತದೆ. ಚೂಪಾದ ತುದಿಯಿಂದ ಒಂದು ಎಳೆ ಇಳಿಯುತ್ತದೆ, ಬೆಳಕು ಸರಿಯಾದ ಕೋನದಲ್ಲಿ ಬಿದ್ದರೆ ಮಾತ್ರ ಕಾಣುವಷ್ಟು ತೆಳ್ಳಗೆ. ಅದರಲ್ಲಿ ಅಲುಗಾಟವೇ ಇಲ್ಲ.

ತಟ್ಟೆ ನಿಂತಲ್ಲೇ ನಿಂತಿದ್ದರೆ ಆ ಎಳೆ ಬಿದ್ದಲ್ಲೇ ಸುರುಳಿ ಸುತ್ತುತ್ತದೆ. ಚಮಚದಿಂದ ರೊಟ್ಟಿಯ ಮೇಲೆ ಜೇನುತುಪ್ಪ ಬಿಟ್ಟಾಗ ಅದು ಹಗ್ಗದ ಹಾಗೆ ಸುತ್ತಿಕೊಳ್ಳುವುದನ್ನು ನೀವೆಲ್ಲ ಕಂಡಿದ್ದೀರಿ. ಇಲ್ಲಿಯೂ ಅದೇ ಭೌತಶಾಸ್ತ್ರ, ಗಾತ್ರ ಮಾತ್ರ ತೀರಾ ಚಿಕ್ಕದು. ರೊಟ್ಟಿಯನ್ನು ನಿಧಾನವಾಗಿ ಸರಿಸಿದರೆ ಜೇನಿನ ಸುರುಳಿಗಳು ಒಂದರ ಪಕ್ಕ ಒಂದು ಬಿಡಿಸಿಕೊಳ್ಳುತ್ತವೆ. ಇನ್ನೂ ಬೇಗ ಸರಿಸಿದರೆ ಅಲೆಯಲೆಯಾದ ಗೆರೆ. ಬೀಳುವ ವೇಗಕ್ಕೂ ಸರಿಸುವ ವೇಗಕ್ಕೂ ಹೊಂದಿಕೆಯಾದ ಕ್ಷಣ ನೇರ ಗೆರೆ. ತಟ್ಟೆಯ ಆ ವೇಗವನ್ನು ಕಂಡುಹಿಡಿಯುವುದೇ ಈ ಕೆಲಸದ ಮೊದಲ ಪಾಠ. ಅದಕ್ಕಿಂತ ಕಡಿಮೆ ವೇಗದಲ್ಲಿ ಬೇಕೆಂದೇ ಅಲೆಗಳನ್ನು ಬರೆದು, ರಬ್ಬರಿನಂತೆ ಹಿಗ್ಗುವ ಜಾಲರಿ ಮಾಡುವವರೂ ಇದ್ದಾರೆ. ಅದಕ್ಕಿಂತ ಹೆಚ್ಚು ವೇಗದಲ್ಲಿ ತಟ್ಟೆಯೇ ಎಳೆಯನ್ನು ಜಗ್ಗಿ ಇನ್ನಷ್ಟು ತೆಳ್ಳಗೆ ಮಾಡುತ್ತದೆ.

ಎಲ್ಲವೂ ಹೀಗೆ ಸಲೀಸಾಗಿ ನಡೆಯುತ್ತದೆ ಎಂದುಕೊಳ್ಳಬೇಡಿ. ಹಿಂದಿನಿಂದ ದೂಡುವ ಒತ್ತಡ ಹೆಚ್ಚಾಗಿ, ಮುಂದಿನಿಂದ ಎಳೆಯುವ ವೋಲ್ಟೇಜು ಕಡಿಮೆಯಾಯಿತೆನ್ನಿ. ಶಂಕು ಊದಿಕೊಳ್ಳುತ್ತದೆ, ತಡೆಯಲಾರದೆ ದಪ್ಪ ಎಳೆ ಸುರಿಸುತ್ತದೆ, ಬರಿದಾಗಿ ತೆಳ್ಳಗಾಗುತ್ತದೆ, ಮತ್ತೆ ಊದುತ್ತದೆ. ಗೆರೆಯುದ್ದಕ್ಕೂ ದಪ್ಪ, ತೆಳು, ದಪ್ಪ, ತೆಳು. ಬಿದ್ದ ಎಳೆಗಳಲ್ಲಿ ಆವೇಶ ಉಳಿದುಕೊಂಡಿದ್ದರೆ ಮೇಲಿನಿಂದ ಬರುವ ಎಳೆಯನ್ನು ಅವು ದೂಡುತ್ತವೆ, ಇಲ್ಲವೆ ಪಕ್ಕದ ಗೋಡೆಗೆ ಸೆಳೆದುಕೊಳ್ಳುತ್ತವೆ. ಪದರ ಮೇಲೇರಿದಂತೆ ಗೋಡೆ ವಾಲಲು ಶುರುವಾಗುತ್ತದೆ. ಎತ್ತರ ಹೆಚ್ಚಾದಂತೆ ಸೂಜಿಯನ್ನು ಮೇಲೆತ್ತಬೇಕು, ವೋಲ್ಟೇಜನ್ನು ಏರಿಸಬೇಕು, ಎರಡೂ ಒಂದಕ್ಕೊಂದು ತಾಳ ತಪ್ಪದಂತೆ. ಈ ತಾಳ ಹಿಡಿದವರು ನೂರಕ್ಕೂ ಹೆಚ್ಚು ಪದರಗಳ ಗೋಡೆಗಳನ್ನು ಎಬ್ಬಿಸಿ ನಿಲ್ಲಿಸಿದ್ದಾರೆ, ಒಂದೊಂದು ಎಳೆಯೂ ಕೆಳಗಿನ ಎಳೆಯ ನೆತ್ತಿಯ ಮೇಲೆ ಸರಿಯಾಗಿ ಕೂತಿರುತ್ತದೆ. ಹೀಗೆ ಬರೆಯುವ ಎಳೆಯ ದಪ್ಪ ಸಾಮಾನ್ಯವಾಗಿ 5ರಿಂದ 30 ಮೈಕ್ರೋಮೀಟರ್. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಲ್ಲಿ ಹುಳು ಬಿಡುವ ರೇಷ್ಮೆಯ ಒಂಟಿ ಎಳೆ ಸುಮಾರು 10 ಮೈಕ್ರೋಮೀಟರ್ ಇರುತ್ತದೆ, ಅದರ ಲೆಕ್ಕದಲ್ಲಿ ಊಹಿಸಿಕೊಳ್ಳಿ. ಡಾಲ್ಟನ್ ಮುಂದೆ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿದ್ದಾಗ, 2015ರಲ್ಲಿ, ಅವರ ತಂಡ ಒಂದು ಮೈಕ್ರೋಮೀಟರಿಗೂ ಕಡಿಮೆ, 0.8 ಮೈಕ್ರೋಮೀಟರಿನ ಎಳೆಯನ್ನು ಸಾಲಾಗಿ ಜೋಡಿಸಿ ತೋರಿಸಿತು.

ಒಂದು ಮೈಕ್ರೋಮೀಟರ್ ದಪ್ಪದ ಎಳೆ ಎಂದರೆ ಎಷ್ಟು ಉದ್ದ ಗೊತ್ತೆ? ಒಂದೇ ಒಂದು ಗ್ರಾಂ ಪಾಲಿಕ್ಯಾಪ್ರೊಲ್ಯಾಕ್ಟೋನನ್ನು ಆ ದಪ್ಪಕ್ಕೆ ಎಳೆದರೆ ಸುಮಾರು 1,100 ಕಿಲೋಮೀಟರ್ ಆಗುತ್ತದೆ. ಬೆಂಗಳೂರಿನಿಂದ ಹೊರಟರೆ ಮುಂಬೈ ದಾಟುತ್ತದೆ.

ಇದನ್ನು ಯಾರಿಗಾಗಿ ಬರೆಯುವುದು ಎಂದರೆ, ಮೊದಲಿಗೆ ಜೀವಕೋಶಗಳಿಗಾಗಿ. ದ್ರಾವಣದಿಂದ ಬಂದ ನ್ಯಾನೋ ಎಳೆಗಳ ಹಾಸು ಎಷ್ಟು ಒತ್ತಾಗಿರುತ್ತದೆಂದರೆ, 10, 20 ಮೈಕ್ರೋಮೀಟರ್ ಗಾತ್ರದ ನಮ್ಮ ಕೋಶಗಳಿಗೆ ಅದರ ರಂಧ್ರಗಳಲ್ಲಿ ತೂರಿಕೊಳ್ಳಲು ಆಗುವುದಿಲ್ಲ. ಅವು ಮೇಲೆಯೇ ಹರಡಿಕೊಂಡು ಉಳಿಯುತ್ತವೆ. ಬರೆದ ಜಾಲರಿಯಲ್ಲಿ ರಂಧ್ರ ಎಷ್ಟಿರಬೇಕೆಂದು ನಾವು ಹೇಳಬಹುದು, ಆದ್ದರಿಂದ ಕೋಶಗಳು ಒಳಗಿಳಿಯುತ್ತವೆ, ಜಾಲರಿಯ ಮೂಲೆ ಹಿಡಿದು ಸೇತುವೆ ಕಟ್ಟುತ್ತವೆ. ಎಳೆಯಲ್ಲಿ ಉಳಿದ ದ್ರಾವಕದ ಶೇಷ ಕೋಶವನ್ನು ಕೊಂದೀತೆಂಬ ಅಂಜಿಕೆಯೂ ಇಲ್ಲ. ದ್ರಾವಣದ ಹಾಸುಗಳನ್ನು ಇದೇ ಅಂಜಿಕೆಯಿಂದ ನಿರ್ವಾತದಲ್ಲಿಟ್ಟು ಒಣಗಿಸಬೇಕಾಗುತ್ತದೆ.

ಮಂಡಿಯ ಕೀಲಿನ ಮೃದ್ವಸ್ಥಿಯ ವಿಷಯದಲ್ಲಿ ಬಂದ ಒಂದು ಫಲಿತಾಂಶವನ್ನು ಹೇಳಲೇಬೇಕು. ನೀರು ತುಂಬಿದ ಮೆತ್ತನೆಯ ಜೆಲ್ಲಿನಲ್ಲಿ ಕೋಶಗಳು ಚೆನ್ನಾಗಿ ಬದುಕುತ್ತವೆ, ಆದರೆ ಜೆಲ್ಲು ಮೈಭಾರ ಹೊರಲಾರದು. ನೆದರ್ಲೆಂಡಿನ ಯುಟ್ರೆಕ್ಟ್‌ನ ಯೋಸ್ ಮಾಲ್ಡಾ ತಂಡ ಮತ್ತು ಡಾಲ್ಟನ್ ಮೊದಲಾದವರು 2015ರಲ್ಲಿ ಅಂಥ ಜೆಲ್ಲಿನೊಳಗೆ ಪಾಕದಿಂದ ಬರೆದ ಜಾಲರಿಯನ್ನು ಇಟ್ಟರು. ಜಾಲರಿ ಎಷ್ಟು ವಿರಳವೆಂದರೆ ಅದರ ಶೇಕಡಾ 93ರಿಂದ 98 ಭಾಗ ಖಾಲಿ ಜಾಗ. ಆದರೂ ಎರಡೂ ಸೇರಿದಾಗ ಗಡಸುತನ 54 ಪಟ್ಟಿನವರೆಗೂ ಏರಿತು. ಜಾಲರಿಯೊಂದೇ ಇದ್ದಾಗ ಅದು ಬಲಹೀನ, ಜೆಲ್ಲೊಂದೇ ಇದ್ದಾಗ ಅದೂ ಬಲಹೀನ. ಮೇಲಿನಿಂದ ಅದುಮಿದಾಗ ಜೆಲ್ಲು ಪಕ್ಕಕ್ಕೆ ಉಬ್ಬಲು ನೋಡುತ್ತದೆ, ಎಳೆಗಳು ಬಿಗಿಯಾಗಿ ಅದನ್ನು ತಡೆಯುತ್ತವೆ. ನಮ್ಮ ಮೃದ್ವಸ್ಥಿಯೂ ಇದೇ ಉಪಾಯದಲ್ಲಿ ನಿಂತಿದೆ. ಅಲ್ಲಿ ಎಳೆಯ ಕೆಲಸವನ್ನು ಕೊಲಾಜನ್ ಮಾಡುತ್ತದೆ. ತಟ್ಟೆಯ ಬದಲು ತಿರುಗುವ ಕಡ್ಡಿಯ ಮೇಲೆ ಎಳೆ ಬಿಟ್ಟರೆ ರಕ್ತನಾಳದಂಥ ಕೊಳವೆಯೂ ಸಿದ್ಧವಾಗುತ್ತದೆ. ಇವೆಲ್ಲ ಇನ್ನೂ ಬಹುಮಟ್ಟಿಗೆ ಪ್ರಯೋಗಾಲಯದ ಹಂತದಲ್ಲಿವೆ ಎಂಬುದನ್ನು ಮರೆಯಬಾರದು. ನಾಳೆಯೇ ಆಸ್ಪತ್ರೆಗೆ ಬರುತ್ತದೆ ಎಂದು ನೋವಿನಲ್ಲಿರುವವರಿಗೆ ಆಸೆ ಹುಟ್ಟಿಸುವುದು ತಪ್ಪು.

ಈ ವಿಧಾನದ ದೊಡ್ಡ ಮಿತಿ ವೇಗ. 10 ಮೈಕ್ರೋಮೀಟರ್ ಎಳೆಯನ್ನು ನಿಮಿಷಕ್ಕೆ ಒಂದು ಮೀಟರಿನಂತೆ ಬರೆದರೆ ಗಂಟೆಗೆ ಸಿಗುವುದು ಸುಮಾರು 5 ಮಿಲಿಗ್ರಾಂ. ಒಂದು ಗ್ರಾಂ ಆಗಲು 200 ಗಂಟೆ. ಕೈಬೆರಳಿನ ಉಗುರಿನಷ್ಟು ಹಂದರಕ್ಕೆ ಇದು ಸಾಕು, ಸೋಸುಬಟ್ಟೆಗೆ ಏನೇನೂ ಸಾಲದು. ಸೂಜಿಗಳ ಸಂಖ್ಯೆ ಹೆಚ್ಚಿಸಿದರೆ ಒಂದರ ವಿದ್ಯುತ್ ಕ್ಷೇತ್ರ ಇನ್ನೊಂದರ ಎಳೆಯನ್ನು ಅಡ್ಡಕ್ಕೆ ದೂಡುತ್ತದೆ.

ಆದ್ದರಿಂದ ಬಟ್ಟೆಯಂಥ ಹಾಸು ಬೇಕಾದವರು ಬರೆಯುವ ಆಸೆ ಬಿಟ್ಟು ಸೂಜಿಯನ್ನೇ ಬಿಟ್ಟರು. ಬೀಜಿಂಗಿನ ರಾಸಾಯನಿಕ ತಂತ್ರಜ್ಞಾನ ವಿಶ್ವವಿದ್ಯಾಲಯದ ಯಾಂಗ್ ವೇಮಿನ್ ತಂಡ ಕೊಡೆಯಾಕಾರದ ಒಂದು ಬಾಯಿಯನ್ನು ಮಾಡಿತು. ಪಾಕ ಅದರ ಮೈಮೇಲೆ ತೆಳುಪದರವಾಗಿ ಹರಿದು ಅಂಚಿಗೆ ಬರುತ್ತದೆ. ಅಲ್ಲಿ ವಿದ್ಯುತ್ ಬಲಕ್ಕೆ ಸಿಕ್ಕಿ ಸುತ್ತಲೂ ತಾನಾಗಿ ಹತ್ತಾರು ಶಂಕುಗಳಾಗಿ ಒಡೆದು ಹತ್ತಾರು ಎಳೆಗಳನ್ನು ಬಿಡುತ್ತದೆ. ಎರಡು ಎಳೆಗಳ ನಡುವೆ ಎಷ್ಟು ಅಂತರವಿರಬೇಕೆಂಬುದನ್ನು ಅವೇ ತಮ್ಮತಮ್ಮಲ್ಲಿ ಇತ್ಯರ್ಥ ಮಾಡಿಕೊಳ್ಳುತ್ತವೆ. ಚಿಕ್ಕ ರಂಧ್ರ ಕಟ್ಟಿಕೊಳ್ಳುವ ಕಾಟವೂ ಇಲ್ಲ.

ಪಾಲಿಪ್ರೊಪಿಲೀನಿನ ವಿಷಯಕ್ಕೆ ಬಂದರೆ ಪಾಕದ ದಾರಿ ಬಿಟ್ಟು ಬೇರೆ ದಾರಿಯೇ ಇಲ್ಲವೆನ್ನಬೇಕು. ಸಾಮಾನ್ಯ ಉಷ್ಣತೆಯಲ್ಲಿ ಅದು ಬಳಕೆಯ ಯಾವ ದ್ರಾವಕಕ್ಕೂ ಬಗ್ಗದು. ಕೋವಿಡ್ ಕಾಲದಲ್ಲಿ ನಾವೆಲ್ಲ ಕಟ್ಟಿಕೊಂಡ ಎನ್-95 ಮುಖಗವಸಿನ ನಡುಪದರ ಪಾಲಿಪ್ರೊಪಿಲೀನ್. ಅದನ್ನೂ ಕಾಯಿಸಿ ಕರಗಿಸಿಯೇ ಎಳೆ ಮಾಡುವುದು, ಆದರೆ ಅಲ್ಲಿ ಎಳೆಯನ್ನು ಎಳೆಯುವುದು ರಭಸದ ಬಿಸಿಗಾಳಿ. ವಿದ್ಯುದಾವೇಶ ತುಂಬುವುದು ಆಮೇಲೆ. ಗಾಳಿ ಊದುವ ಆ ವಿಧಾನಕ್ಕೆ ವೇಗವಿದೆ, ಎಳೆಯ ದಪ್ಪದ ಮೇಲೆ ಹಿಡಿತ ಕಡಿಮೆ. ವಿದ್ಯುತ್ತಿನ ವಿಧಾನಕ್ಕೆ ಹಿಡಿತವಿದೆ, ವೇಗವಿಲ್ಲ. ನಾರ್ಟನ್ 1936ರಲ್ಲೇ ಎರಡನ್ನೂ ಜೊತೆ ಮಾಡಿದ್ದರೆಂಬುದನ್ನು ನೆನೆದರೆ, ಈಗ ಗಾಳಿಯನ್ನೂ ವಿದ್ಯುತ್ತನ್ನೂ ಕೂಡಿಸುತ್ತಿರುವವರು ಅವರ ದಾರಿಗೇ ಮರಳಿದ್ದಾರೆ ಅನ್ನಿಸುತ್ತದೆ.

ಎಲ್ಲವನ್ನೂ ಕಾಯಿಸಲಾಗದು ಎಂಬುದೂ ನಿಜ. ರೇಷ್ಮೆ, ಕೊಲಾಜನ್, ಎಷ್ಟೋ ಔಷಧಗಳು ಬಿಸಿಗೆ ಕೆಟ್ಟುಹೋಗುತ್ತವೆ. ಅಲ್ಲಿ ದ್ರವ ಬೇಕೇ ಬೇಕು. ಆದರೆ ಆ ದ್ರವ ವಿಷವಾಗಿರಬೇಕಿಲ್ಲ. ಜರ್ಮನಿಯ ಸೀಮಾ ಅಗರ್‌ವಾಲ್ ಮತ್ತು ಆಂಡ್ರಿಯಾಸ್ ಗ್ರೈನರ್ ನೀರಿನಲ್ಲಿ ಕರಗದ ಪಾಲಿಮರನ್ನೂ ಸೂಕ್ಷ್ಮ ಕಣಗಳಾಗಿ ನೀರಿನಲ್ಲಿ ತೇಲಿಸಿ, ಹಾಲಿನಂಥ ಆ ದ್ರವದಿಂದ ಎಳೆ ತೆಗೆಯುವುದನ್ನು ಬೆಳೆಸಿದ್ದಾರೆ. ಕಾಯಿಸಬಹುದಾದದ್ದನ್ನು ಕಾಯಿಸುವುದು, ಕಾಯಿಸಲಾಗದ್ದಕ್ಕೆ ನೀರು. ಈ ಎರಡರ ನಡುವೆ ಕ್ಲೋರೋಫಾರ್ಮಿಗೆ ಉಳಿಯುವ ಜಾಗ ಬಹಳ ಕಿರಿದಾಗುತ್ತದೆ ಎಂದು ನಾನು ನಂಬಿದ್ದೇನೆ.

ಕಾರ್ಖಾನೆ ಹಾಕುವವರು ಕೇಳುವ ಪ್ರಶ್ನೆ ಒಂದೇ: ಯಾವುದು ಅಗ್ಗ? ದ್ರಾವಣದ ಯಂತ್ರವನ್ನೂ ಪಾಕದ ಯಂತ್ರವನ್ನೂ ಅಕ್ಕಪಕ್ಕ ಇಟ್ಟು ಬೆಲೆ ನೋಡಿದರೆ ಮೊದಲನೆಯದು ಅಗ್ಗವಾಗಿ ಕಾಣಬಹುದು. ಅದಕ್ಕೆ ಆವಿ ಹಿಡಿಯುವ ಘಟಕವನ್ನು ಸೇರಿಸಿ, ಬೆಂಕಿ ಹತ್ತದಂತೆ ಕಟ್ಟಬೇಕಾದ ಕೋಣೆಯನ್ನು ಸೇರಿಸಿ, ಕೊಂಡ ದ್ರಾವಕದಲ್ಲಿ ಮರಳಿ ಸಿಗದೆ ಹೋದದ್ದನ್ನು ಸೇರಿಸಿ, ಕೆಲಸಗಾರರ ಯಕೃತ್ತಿನ ತಪಾಸಣೆಯನ್ನು ಸೇರಿಸಿ, ಆಮೇಲೆ ಲೆಕ್ಕ ಹಾಕಬೇಕು. ಪಾಕದ ಯಂತ್ರಕ್ಕೆ ಸೇರಿಸಬೇಕಾದದ್ದು ಕಾಯಿಸುವ ಕರೆಂಟಿನ ಬಿಲ್ಲು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ ಅವರಿಗೊಂದು ಮಾತು. ಎಳೆ ಬರೆಯುವ ಈ ಯಂತ್ರವನ್ನು ಮೊದಲಿಗೆ ಪ್ರಯೋಗಾಲಯಗಳು ತಾವೇ ಕಟ್ಟಿಕೊಂಡವು, ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಡಾಲ್ಟನ್ ಈಗಿರುವ ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ತಂಡ ಸಾಮಾನ್ಯ ತ್ರೀಡಿ ಪ್ರಿಂಟರನ್ನು ಇದಕ್ಕೆ ಮಾರ್ಪಡಿಸುವ ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟಿದೆ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಕರಗುವ ಉಷ್ಣತೆ ಸುಮಾರು 60 ಡಿಗ್ರಿಯಾದ್ದರಿಂದ ದೊಡ್ಡ ಕುಲುಮೆ ಬೇಡ. ಆದರೆ ಐದಾರು ಸಾವಿರ ವೋಲ್ಟ್ ಆಟದ ಸಾಮಾನಲ್ಲ. ಬಾಗಿಲು ತೆರೆದ ಕೂಡಲೇ ವೋಲ್ಟೇಜು ತಾನಾಗಿ ಕಡಿತವಾಗುವ ಮುಚ್ಚಿದ ಪೆಟ್ಟಿಗೆ, ತಟ್ಟೆಯಲ್ಲಿ ಉಳಿದ ಆವೇಶವನ್ನು ಭೂಮಿಗೆ ಇಳಿಸುವ ಕೋಲು, ಪಕ್ಕದಲ್ಲಿ ವಿದ್ಯುತ್ ಕೆಲಸ ಬಲ್ಲ ಮೇಷ್ಟ್ರು, ಈ ಮೂರೂ ಇದ್ದರೆ ಮಾತ್ರ ಶುರು ಮಾಡಿ. ಮೊದಲ ದಿನ ಜಾಲರಿ ಬರೆಯಲು ಹೋಗದೆ ಒಂದೇ ನೇರ ಗೆರೆಯ ಹಿಂದೆ ಬೀಳಿ: ತಟ್ಟೆಯ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಸುರುಳಿ ಯಾವ ವೇಗದಲ್ಲಿ ಅಲೆಯಾಯಿತು, ಅಲೆ ಯಾವ ವೇಗದಲ್ಲಿ ಗೆರೆಯಾಯಿತು ಎಂದು ಬರೆದಿಟ್ಟುಕೊಳ್ಳಿ. ಒತ್ತಡ ಬದಲಿಸಿ ಮತ್ತೆ ಅದನ್ನೇ ಮಾಡಿ, ಉಷ್ಣತೆ ಬದಲಿಸಿ ಮತ್ತೊಮ್ಮೆ. ಮುಂದಿನ ಎಲ್ಲ ಕೆಲಸಕ್ಕೂ ಆ ಪಟ್ಟಿಯೇ ಆಧಾರ.